ಹಿಮದಲ್ಲಿ ಲಾರಿ ಜಾರುತ್ತಿದೆಯಾ? ಮೊದಲು ಚಕ್ರದ ಅಚ್ಚು ನೋಡಿ

ಹೋದ ಜನವರಿಯಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಫೋನ್ ಬಂತು. ನಮ್ಮ ದಾವಣಗೆರೆ ಕಡೆಯ ಹುಡುಗ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹದಿನೆಂಟು ಚಕ್ರದ ಗಾಡಿ ಓಡಿಸಲು ಶುರು ಮಾಡಿದ ಮೇಲೆ ಅದು ಅವನ ಮೊದಲ ಚಳಿಗಾಲ. ಹೋಪ್ ಊರು ದಾಟಿ ಕೋಕಿಹಾಲಾ ಘಾಟಿ ಹತ್ತುವ ಮೊದಲು, ಹಿಮದಲ್ಲಿ ಹಿಡಿತಕ್ಕೆ ಟೈರಿಗೆ ಚೈನ್ ಹಾಕಲು ಬಿಟ್ಟ ಜಾಗದಲ್ಲಿ ನಿಂತಿದ್ದ.

"ಅಣ್ಣಾ, ಗಾಡಿ ಏಳ್ತಾನೇ ಇಲ್ಲ. ಎಷ್ಟು ಎಕ್ಸಲೇಟರ್ ಕೊಟ್ರೂ ಚಕ್ರ ಸುಮ್ನೆ ತಿರುಗುತ್ತೆ."

"ಮೊದಲು ಕಾಲು ತೆಗಿಯಪ್ಪಾ. ಯಾವ ಚಕ್ರ ತಿರುಗ್ತಾ ಇದೆ, ನೋಡಿದ್ಯಾ?"

"ಹಿಂದಿನವು ಅಣ್ಣಾ."

"ಎಳೆಯೋ ಚಕ್ರ ಎಂಟು ಇವೆ. ಎಂಟರಲ್ಲಿ ಯಾವುದು?"

ಅವನು ನೋಡಿರಲಿಲ್ಲ. ಹೆಚ್ಚಿನವರು ನೋಡುವುದಿಲ್ಲ. ಗಾಡಿ ಜಾರಿದರೆ ಐಸ್ ಮೇಲೆ ಬೈದು ಕೂರುತ್ತಾರೆ, ಇಲ್ಲವೇ ಇನ್ನಷ್ಟು ಎಕ್ಸಲೇಟರ್ ತುಳಿಯುತ್ತಾರೆ. ತುಳಿದಷ್ಟೂ ಟೈರಿನ ಕೆಳಗಿನ ಹಿಮ ಕರಗಿ, ಮತ್ತೆ ಗಟ್ಟಿಯಾಗಿ, ಕನ್ನಡಿ ಆಗುತ್ತದೆ. ಐದು ನಿಮಿಷದ ಹಿಂದೆ ಹೊರಡಬಹುದಾಗಿದ್ದ ಗಾಡಿ ಆಮೇಲೆ ಹೊರಡುವುದೇ ಇಲ್ಲ.

ನಾನು ಲಾರಿ ಕಲಿತದ್ದು ಶಿರಾಡಿ ಘಾಟಿಯಲ್ಲಿ. ಅಲ್ಲಿ ಮಳೆಗಾಲದ ಕೆಸರಿನಲ್ಲಿ ಜಾರುವುದು ಬೇರೆ, ಇಲ್ಲಿ ಕೆನಡಾದಲ್ಲಿ ಐಸ್ ಮೇಲೆ ಜಾರುವುದು ಬೇರೆ. ಆದರೆ ದೋಷ ಹುಡುಕುವ ದಾರಿ ಒಂದೇ. ಗಾಡಿಯಿಂದ ಇಳಿಯಬೇಕು, ನೆಲ ನೋಡಬೇಕು, ಆಮೇಲೆ ಮಾತ್ರ ಕೈ ಹಾಕಬೇಕು. ಆ ರಾತ್ರಿ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೂ, ಆಮೇಲೆ ಹೇಳಬೇಕಿತ್ತು ಅನ್ನಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಇಳಿಯುವ ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ, ಹೊಳೆಯುವ ಜಾಕೆಟ್ ತೊಡಿ. ಗಾಡಿ ಏರಿನಲ್ಲಿದ್ದರೆ ಚಕ್ರಕ್ಕೆ ಕಟ್ಟೆ, ಅಂದರೆ ಉರುಳದ ಹಾಗೆ ಅಡ್ಡ ಇಡುವ ತುಂಡು, ಕೊಡಿ. ಪಾರ್ಕಿಂಗ್ ಬ್ರೇಕ್ ಹಿಡಿದಿದ್ದರೂ ಚಕ್ರಗಳು ತಿರುಗದೇ ಇಡೀ ಗಾಡಿ ಐಸ್ ಮೇಲೆ ಹಿಂದಕ್ಕೆ ಜಾರಬಲ್ಲದು. ಇದನ್ನು ಕಣ್ಣಾರೆ ನೋಡಿದ್ದೇನೆ.

ಹಿಮದ ಮೇಲಿನ ಅಚ್ಚು ಓದುವುದು

ಟಾರ್ಚ್ ಹಿಡಿದು ಗಾಡಿಯ ಹಿಂದೆ ಬಿದ್ದಿರುವ ಗುರುತು ನೋಡಿ. ಸರಿಯಾಗಿ ಉರುಳಿದ ಟೈರು ಹಿಮದಲ್ಲಿ ಅಚ್ಚೊತ್ತಿದ ಹಾಗೆ ಗುರುತು ಬಿಟ್ಟಿರುತ್ತದೆ. ಪ್ರತಿ ಬಟನ್ನೂ, ಅಂದರೆ ಟೈರಿನ ಮೈಮೇಲಿನ ಉಬ್ಬಿದ ರಬ್ಬರ್ ತುಂಡೂ, ಬೇರೆ ಬೇರೆ ಕಾಣುತ್ತದೆ, ಅಂಚು ಚೂಪಾಗಿರುತ್ತದೆ. ನಿಂತಲ್ಲೇ ಸುತ್ತಿದ ಟೈರಿನ ಕೆಳಗೆ ಒಂದು ಗುಳಿ ಬಿದ್ದು, ತಳ ನುಣ್ಣಗೆ ಹೊಳೆಯುತ್ತಿರುತ್ತದೆ. ತಿರುಗದೇ ಎಳೆದುಕೊಂಡು ಬಂದ ಟೈರು ಉದ್ದಕ್ಕೆ ಒಂದು ಪಟ್ಟಿ ಬಿಡುತ್ತದೆ, ಕರಣೆ ಎಳೆದು ಸಾರಿಸಿದ ಹಾಗೆ. ಇನ್ನೊಂದು ಬಗೆಯೂ ಇದೆ. ಟೈರು ಉರುಳಿದೆ, ಆದರೆ ಬಟನ್ ಗುರುತೇ ಇಲ್ಲ, ಸಪಾಟಾದ ಅಚ್ಚು. ಅಂದರೆ ಬಟನ್ ನಡುವಿನ ಸಂದಿಯಲ್ಲಿ ಹಿಮ ಹೊಕ್ಕು ಗಟ್ಟಿಯಾಗಿ ಕೂತಿದೆ, ಅಥವಾ ಟೈರು ಸವೆದು ಹೋಗಿದೆ.

ಈ ನಾಲ್ಕು ಗುರುತು ಕಣ್ಣಿಗೆ ಹಿಡಿಸಿದರೆ ಅರ್ಧ ಕೆಲಸ ಮುಗಿಯಿತು.

ನಿಂತಲ್ಲಿಂದ ಏಳುತ್ತಿಲ್ಲ: ಎಷ್ಟು ಚಕ್ರ ಸುತ್ತುತ್ತಿವೆ?

ಇಲ್ಲಿನ ಟ್ರ್ಯಾಕ್ಟರಿಗೆ, ಅಂದರೆ ಟ್ರೈಲರ್ ಎಳೆಯುವ ಮುಂದಿನ ಗಾಡಿಗೆ, ಎಳೆಯುವ ಆಕ್ಸಲ್ ಎರಡು. ಎರಡರ ನಡುವೆ ಒಂದು ಡಿಫರೆನ್ಶಿಯಲ್ (ಎಂಜಿನ್ ಬಲವನ್ನು ಎರಡು ಕಡೆಗೆ ಹಂಚುವ ಗೇರುಗಳು), ಒಂದೊಂದು ಆಕ್ಸಲ್ ಒಳಗೆ ಮತ್ತೊಂದೊಂದು. ಡಿಫರೆನ್ಶಿಯಲ್ ಗುಣ ನಿಮಗೆ ಗೊತ್ತಲ್ವಾ? ಯಾವ ಕಡೆ ಸುಲಭವೋ ಆ ಕಡೆಗೆ ತಿರುಗುತ್ತದೆ. ಒಂದು ಚಕ್ರ ಐಸ್ ಮೇಲಿದ್ದು ಉಳಿದವು ಒಣ ನೆಲದ ಮೇಲಿದ್ದರೂ ತಿರುಗುವುದು ಐಸ್ ಮೇಲಿನ ಚಕ್ರವೇ. ಹಾಗಾಗಬಾರದು ಅಂತಲೇ ಎರಡೂ ಕಡೆ ಒಟ್ಟಿಗೆ ತಿರುಗಿಸುವ ಲಾಕ್ ಕೊಟ್ಟಿರುವುದು. ಒಂದು ಆಕ್ಸಲ್‌ಗಳ ನಡುವಿನ ಲಾಕ್, ಇನ್ನೊಂದು ಒಂದೇ ಆಕ್ಸಲ್‌ನ ಎಡ ಬಲ ಚಕ್ರಗಳನ್ನು ಸೇರಿಸುವ ಚಕ್ರದ ಲಾಕ್.

ಒಬ್ಬರು ಕೆಳಗೆ ದೂರದಲ್ಲಿ, ಪಕ್ಕಕ್ಕೆ ನಿಲ್ಲಲಿ. ಒಬ್ಬರು ಮೆಲ್ಲಗೆ ಗಾಡಿ ಎತ್ತಲಿ. ಎರಡು ಸೆಕೆಂಡು ಸಾಕು.

ಎರಡು ಆಕ್ಸಲ್‌ಗಳಲ್ಲಿ ಒಂದೇ ಒಂದು ಕಡೆಯ ಜೋಡಿ ಟೈರು ಸುತ್ತಿತು, ಬೇರೆ ಎಲ್ಲ ಸುಮ್ಮನಿವೆ ಅಂದರೆ ಆಕ್ಸಲ್‌ಗಳ ನಡುವಿನ ಲಾಕ್ ಬಿದ್ದಿಲ್ಲ. ಪ್ರತಿ ಆಕ್ಸಲ್‌ನಲ್ಲಿ ಒಂದೊಂದು ಕಡೆ ಸುತ್ತಿದರೆ ನಡುವಿನ ಲಾಕ್ ಬಿದ್ದಿದೆ, ಚಕ್ರದ ಲಾಕ್ ಬಿದ್ದಿಲ್ಲ, ಅಥವಾ ನಿಮ್ಮ ಗಾಡಿಗೆ ಅದು ಇಲ್ಲವೇ ಇಲ್ಲ. ಎಲ್ಲಾ ಚಕ್ರಗಳೂ ಒಟ್ಟಿಗೆ ಸುತ್ತಿದರೆ ಲಾಕ್‌ಗಳು ಸರಿಯಾಗಿವೆ. ತೊಂದರೆ ಇರುವುದು ಟೈರಿನಲ್ಲಿ, ಭಾರದಲ್ಲಿ ಅಥವಾ ನೆಲದಲ್ಲಿ. ಯಾವ ಚಕ್ರವೂ ಸುತ್ತದೆ ಎಂಜಿನ್ ಮಾತ್ರ ಒದ್ದಾಡುತ್ತಿದ್ದರೆ ಬ್ರೇಕ್ ಜಾಮ್. ಅದನ್ನು ಮುಂದೆ ಹೇಳುತ್ತೇನೆ.

ಆ ಹುಡುಗನ ಗಾಡಿಯಲ್ಲಿ ಸುತ್ತುತ್ತಿದ್ದದ್ದು ಹಿಂದಿನ ಆಕ್ಸಲ್‌ನ ಎಡಗಡೆ ಮಾತ್ರ. "ಆದರೆ ಅಣ್ಣಾ, ಲಾಕ್ ಸ್ವಿಚ್ ಹಾಕಿದೀನಿ, ಡ್ಯಾಶ್‌ಬೋರ್ಡಲ್ಲಿ ದೀಪಾನೂ ಉರೀತಿದೆ" ಅಂದ. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಕೆಲವು ಗಾಡಿಗಳಲ್ಲಿ ಆ ದೀಪ ಲಾಕ್ ನಿಜವಾಗಿ ಕೂತಾಗ ಉರಿಯುತ್ತದೆ. ಇನ್ನು ಕೆಲವದರಲ್ಲಿ ಸ್ವಿಚ್ ಒತ್ತಿದರೆ ಸಾಕು, ಉರಿಯುತ್ತದೆ. ನಿಮ್ಮದು ಯಾವುದು ಅಂತ ಬೇಸಿಗೆಯಲ್ಲೇ ತಿಳಿದುಕೊಳ್ಳಿ. ಜಲ್ಲಿ ಹಾಸಿದ ಅಂಗಳದಲ್ಲಿ ಲಾಕ್ ಹಾಕಿ ಮೆಲ್ಲಗೆ ತಿರುಗಿಸಿ ನೋಡಿ. ಲಾಕ್ ಬಿದ್ದಿದ್ದರೆ ಗಾಡಿ ತಿರುಗಲು ತಕರಾರು ಮಾಡುತ್ತದೆ, ಒಳಚಕ್ರ ಜಲ್ಲಿ ಕೆರೆಯುತ್ತದೆ. ಒಣ ಟಾರು ರಸ್ತೆಯಲ್ಲಿ ಈ ಪರೀಕ್ಷೆ ಬೇಡ. ಗೇರುಗಳ ಮೇಲೆ ಬೀಳುವ ಒತ್ತಡಕ್ಕೆ ಹೌಸಿಂಗ್ ಒಳಗಿನ ಸಾಮಾನು ಮುರಿಯಬಹುದು.

ಲಾಕ್ ಕೂರಿಸುವುದು ಗಾಳಿಯ ಒತ್ತಡ. ಆ ಸಣ್ಣ ಪೈಪಿನಲ್ಲಿ ನೀರಿನ ಅಂಶ ಇದ್ದರೆ ಸೊನ್ನೆಗಿಂತ ಕೆಳಗೆ ಅದು ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತದೆ. ಅವನ ಗಾಡಿಯಲ್ಲಿ ಆಗಿದ್ದು ಅದೇ. ಬಿಸಿನೀರು ಸುರಿಯಬೇಡ ಅಂತ ಮೊದಲೇ ಹೇಳಿದೆ. ಸುರಿದ ನೀರು ಹತ್ತು ನಿಮಿಷದಲ್ಲಿ ಇನ್ನೊಂದು ಐಸ್ ಆಗುತ್ತದೆ. ಬೆಂಕಿಯಂತೂ ಬೇಡವೇ ಬೇಡ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಡ್ರೈವರ್ ಹತ್ತಿರ ಬಿಸಿಗಾಳಿ ಊದುವ ಮೆಷಿನ್ ಇತ್ತು. ಪೈಪನ್ನು ನಿಧಾನವಾಗಿ ಬಿಸಿ ಮಾಡಿದ ಮೇಲೆ ಕೆಳಗಿನಿಂದ "ಟಕ್" ಅಂತ ಸದ್ದು ಬಂತು. ಲಾಕ್ ಕೂತಿತು.

ಮರುದಿನ ನೋಡಿದರೆ ಗಾಳಿ ಟ್ಯಾಂಕಿನಿಂದ ಬಂದ ನೀರಿನಲ್ಲಿ ಎಣ್ಣೆ ಬೆರೆತು ಹಾಲು ಚಹಾದ ಬಣ್ಣಕ್ಕೆ ತಿರುಗಿತ್ತು. ಗಾಳಿಯ ತೇವ ಹೀರುವ ಏರ್ ಡ್ರೈಯರ್‌ನ ಕಾರ್ಟ್ರಿಜ್ ಬದಲಿಸಿ ಎಷ್ಟು ಕಾಲ ಆಗಿತ್ತೋ. ಚಳಿಗಾಲದಲ್ಲಿ ಟ್ಯಾಂಕ್ ನೀರನ್ನು ದಿನಾ ಬಿಡಿ. ಒಂದು ಚಮಚ ನೀರು ಬಂದರೂ ಡ್ರೈಯರ್ ಕಡೆ ಅನುಮಾನ ಪಡಿ. ಗಾಳಿ ಪೈಪಿಗೆ ಮದ್ಯಸಾರ ಹಾಕುವುದು ಇಲ್ಲಿ ಹಳೆಯ ರೂಢಿ. ಅದು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಾಗ ಕೊನೆಯ ಉಪಾಯ ಅಷ್ಟೇ. ಜಾಸ್ತಿ ಹಾಕಿದರೆ ವಾಲ್ವ್‌ಗಳ ರಬ್ಬರ್ ಹಾಳಾಗುತ್ತದೆ.

ಲಾಕ್ ಬಗ್ಗೆ ಇನ್ನೆರಡು ಮಾತು. ಚಕ್ರ ಸುತ್ತುತ್ತಿರುವಾಗ ಲಾಕ್ ಒತ್ತಬೇಡಿ. ಕಾಲು ತೆಗೆದು, ಚಕ್ರ ನಿಂತ ಮೇಲೆ ಒತ್ತಿ. ಜಾರುವ ಜಾಗ ದಾಟಿದ ಕೂಡಲೇ ತೆಗೆಯಿರಿ. ಚಕ್ರದ ಲಾಕ್ ಹಾಕಿಕೊಂಡು ತಿರುವಿಗೆ ಹೋದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಘಾಟಿಯಲ್ಲಿ ನೇರ ಅಂದರೆ ಕಣಿವೆ.

ಟ್ರ್ಯಾಕ್ಷನ್ ಕಂಟ್ರೋಲ್ ದೀಪ

ಮಿನುಗಿದರೆ ಅದು ಕೆಲಸ ಮಾಡುತ್ತಿದೆ ಅಂತ. ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು, ಎಂಜಿನ್ ಶಕ್ತಿ ತಗ್ಗಿಸುತ್ತಿದೆ. ಬಿಡದೇ ಉರಿದರೆ ದೋಷ. ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್‌ನ ದೀಪವೂ ಜೊತೆಗೆ ಉರಿಯುತ್ತಿದ್ದರೆ ಚಕ್ರದ ವೇಗ ನೋಡುವ ಸೆನ್ಸರ್ ಮೇಲೆ ಕೆಸರು ಹಿಮ ಮೆತ್ತಿರುವುದೋ, ವೈರು ಕಿತ್ತಿರುವುದೋ ಆಗಿರುತ್ತದೆ. ಸೆನ್ಸರ್ ಸತ್ತರೆ ಎರಡೂ ಸೌಲಭ್ಯ ಹೋದ ಹಾಗೆ. ಆಳವಾದ ಹಿಮದಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ ಕತ್ತು ಹಿಸುಕಿ ಗಾಡಿ ಏಳದ ಹಾಗೆ ಮಾಡುವುದುಂಟು. ಅದಕ್ಕೇ ಕೆಸರು-ಹಿಮದ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಚಕ್ರ ಸ್ವಲ್ಪ ಸುತ್ತಲು ಬಿಡುತ್ತದೆ. ದಾಟಿದ ಮೇಲೆ ಮರೆಯದೆ ತೆಗೆಯಿರಿ.

ಬ್ರೇಕ್ ಜಾಮ್ ಅಥವಾ ಟೈರು ನೆಲಕ್ಕೆ ಅಂಟಿರುವುದು

ಬೆಳಗ್ಗೆ ಹೊರಡುವಾಗ ಇದು ಮಾಮೂಲಿ. ರಾತ್ರಿ ಕೆಸರು ಹಿಮದಲ್ಲಿ ಬಂದು, ಒದ್ದೆ ಬ್ರೇಕಿನಲ್ಲೇ ಪಾರ್ಕಿಂಗ್ ಎಳೆದು ಮಲಗಿದರೆ ಲೈನರ್ ಡ್ರಮ್ಮಿಗೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಗಾಡಿ ಎತ್ತಿದರೆ ಟ್ರೈಲರ್ ಚಕ್ರ ತಿರುಗದೇ ಎಳೆದುಕೊಂಡು ಬರುತ್ತದೆ. ಭಾರ ಇದ್ದರೆ ಗಾಡಿ ಏಳುವುದೇ ಇಲ್ಲ, ಡ್ರೈವರ್ ಮಾತ್ರ "ನೆಲದಲ್ಲಿ ಹಿಡಿತ ಇಲ್ಲ" ಅಂದುಕೊಳ್ಳುತ್ತಾನೆ. ಹತ್ತು ಅಡಿ ಮುಂದೆ ಹೋಗಿ ಇಳಿದು ಅಚ್ಚು ನೋಡಿ. ಸಾರಿಸಿದ ಪಟ್ಟಿ ಕಂಡರೆ ಆ ಚಕ್ರದ ಬ್ರೇಕ್ ಬಿಟ್ಟಿಲ್ಲ. ಚಕ್ರಗಳಿಗೆ ಕಟ್ಟೆ ಕೊಟ್ಟು, ಬ್ರೇಕ್ ಬಿಟ್ಟ ಸ್ಥಿತಿಯಲ್ಲಿ ಡ್ರಮ್ ಮೇಲೆ ಸುತ್ತಿಗೆಯಿಂದ ಹದವಾಗಿ ತಟ್ಟಿ. ಸಾಮಾನ್ಯವಾಗಿ ನಾಲ್ಕೈದು ಪೆಟ್ಟಿಗೆ ಬಿಡುತ್ತದೆ. ಹಾಗೇ ಎಳೆದುಕೊಂಡು ಹೋದರೆ ಟೈರಿನ ಒಂದೇ ಜಾಗ ಚಪ್ಪಟೆ ಸವೆದು ಹೋಗುತ್ತದೆ. ಒಣ ರಸ್ತೆ ಸಿಕ್ಕಾಗ ಅದು ಒಡೆಯುತ್ತದೆ.

ಟೈರು ನೆಲಕ್ಕೆ ಅಂಟುವುದು ಬೇರೆ ವಿಷಯ. ಓಡಿ ಬಂದ ಟೈರು ಬೆಚ್ಚಗಿರುತ್ತದೆ. ಹಿಮದ ಮೇಲೆ ನಿಂತರೆ ಕೆಳಗೆ ಕರಗಿಸಿ, ಬಟ್ಟಲಿನ ಆಕಾರದ ಗುಳಿ ಮಾಡಿಕೊಂಡು, ಅದರಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಅದಕ್ಕೆ ನಿಲ್ಲಿಸುವ ಮೊದಲೇ ಮದ್ದು ಮಾಡಬೇಕು. ಕೊನೆಯ ಒಂದು ಕಿಲೋಮೀಟರಿನಲ್ಲಿ ಬ್ರೇಕನ್ನು ಹಗುರಾಗಿ ಒತ್ತುತ್ತಾ ಬಂದು ಒಣಗಿಸಿ. ನಿಲ್ಲಿಸಿ ಐದು ನಿಮಿಷ ಬಿಟ್ಟು ಗಾಡಿಯನ್ನು ಒಂದೆರಡು ಅಡಿ ಮುಂದೆ ಹಾಕಿ, ಇನ್ನೊಮ್ಮೆ ಹಾಗೆ ಮಾಡಿ. ಟೈರು ತಣ್ಣಗಾಗುತ್ತದೆ, ಗುಳಿ ಬೀಳುವುದಿಲ್ಲ. ಗುಳಿಯಲ್ಲಿ ಸಿಕ್ಕಿದ್ದರೆ ಮುಂಭಾಗದ ಐಸ್ ಅಂಚನ್ನು ಸನಿಕೆಯಿಂದ ಒಡೆದು ಮರಳು ಹಾಕಿ. ಉಪ್ಪು ಸುಮಾರು ಮೈನಸ್ 9ರ ತನಕ ಮಾತ್ರ ಪ್ರಯೋಜನ. ಅದಕ್ಕಿಂತ ಚಳಿ ಹೆಚ್ಚಾದರೆ ಉಪ್ಪು ಚೆಲ್ಲಿ ಕಾಯುವುದು ವ್ಯರ್ಥ, ಮರಳೇ ಗತಿ. ನನ್ನ ಗಾಡಿಯಲ್ಲಿ ಚಳಿಗಾಲ ಪೂರ್ತಿ ಎರಡು ಚೀಲ ಒಣ ಮರಳು ಇರುತ್ತದೆ. ಒಣ ಅನ್ನುವ ಮಾತಿಗೆ ಒತ್ತು ಕೊಡುತ್ತೇನೆ. ಒದ್ದೆ ಮರಳಿನ ಚೀಲ ಬೆಳಗಾಗುವುದರೊಳಗೆ ಒಂದೇ ಕಲ್ಲು.

ಎಲ್ಲಾ ಚಕ್ರ ಸುತ್ತುತ್ತಿವೆ: ಆಗ ಟೈರು ನೋಡಿ

ಮೊದಲು ಗಾಳಿ. ಬೆಚ್ಚಗಿನ ಶೆಡ್ಡಿನಲ್ಲಿ 20 ಡಿಗ್ರಿಯಲ್ಲಿ 100 ಪಿಎಸ್‌ಐ ಹಿಡಿಸಿದ ಟೈರು, ಮೈನಸ್ 20ರಲ್ಲಿ ನಿಂತರೆ ಸುಮಾರು 84ಕ್ಕೆ ಇಳಿಯುತ್ತದೆ. ಎಲ್ಲೂ ಲೀಕ್ ಇಲ್ಲ, ಗಾಳಿಯೇ ಚಳಿಗೆ ಕುಗ್ಗಿದೆ ಅಷ್ಟೇ. ಅದಕ್ಕೆ ಗಾಳಿಯನ್ನು ಹೊರಗೆ, ಓಡುವ ಮೊದಲು, ತಣ್ಣಗಿರುವಾಗಲೇ ಅಳೆಯಿರಿ. ಅಳೆದ ಮೇಲೆ ವಾಲ್ವಿನ ಮುಚ್ಚಳ ಹಾಕಿ. ಮುಚ್ಚಳ ಇಲ್ಲದ ವಾಲ್ವಿನೊಳಗೆ ನೀರು ಸೇರಿ ಹೆಪ್ಪುಗಟ್ಟಿದರೆ ಸೂಜಿ ಪೂರ್ತಿ ಕೂರದೆ ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಹಿಮದಲ್ಲಿ ಹಿಡಿತ ಬರಲಿ ಅಂತ ಗಾಳಿ ಇಳಿಸುವವರಿದ್ದಾರೆ. ಸಣ್ಣ ಜೀಪಿಗೆ ಅದು ನಡೆಯಬಹುದು. ಹದಿನೇಳು ಟನ್ ಹೊರುವ ಆಕ್ಸಲ್‌ಗಳಿಗೆ ದಯವಿಟ್ಟು ಮಾಡಬೇಡಿ. ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಒಳಗೇ ಬಿಸಿಯಾಗಿ ಒಡೆಯುತ್ತದೆ.

ಎರಡನೆಯದು ಬಟನ್ ಆಳ ಮತ್ತು ರಬ್ಬರ್. ಬ್ರಿಟಿಷ್ ಕೊಲಂಬಿಯಾದಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರ ತನಕ ಬೆಟ್ಟದ ದಾರಿಗಳಲ್ಲಿ ಚಳಿಗಾಲದ ನಿಯಮ ಇರುತ್ತದೆ. ಚಳಿಗಾಲದ ಟೈರಿಗೆ ಕನಿಷ್ಠ 3.5 ಮಿಲಿಮೀಟರ್ ಆಳ ಬೇಕು, ಒಟ್ಟು ತೂಕ 11,794 ಕೆಜಿ ಮೀರಿದ ವಾಣಿಜ್ಯ ಗಾಡಿಯಲ್ಲಿ ಚೈನ್ ಇರಲೇಬೇಕು. 3.5 ಅನ್ನುವುದು ಪೊಲೀಸರ ಲೆಕ್ಕ. ಎಳೆಯುವ ಆಕ್ಸಲ್‌ನ ಹೊಸ ಟೈರಿನ ಆಳ 20 ಮಿಲಿಮೀಟರಿಗಿಂತ ಜಾಸ್ತಿ. ನನ್ನ ಮಟ್ಟಿಗೆ 8ಕ್ಕೆ ಬಂದ ಟೈರು ಚಳಿಗಾಲದ ಘಾಟಿಗೆ ಮುಗಿದ ಹಾಗೆ.

ಆಳ ಇದ್ದರೆ ಸಾಲದು, ರಬ್ಬರ್ ಮೆತ್ತಗಿರಬೇಕು. ಬೇಸಿಗೆಯ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಟೈರಿನ ಪಕ್ಕದಲ್ಲಿ ಎಂ ಮತ್ತು ಎಸ್ (ಮಡ್, ಸ್ನೋ, ಅಂದರೆ ಕೆಸರು, ಹಿಮ) ಅಕ್ಷರ ಇದೆ ಅಂತ ನೆಮ್ಮದಿಯಾಗಬೇಡಿ. ಅದು ಬಟನ್ನಿನ ವಿನ್ಯಾಸದ ಮಾತು ಮಾತ್ರ. ಬೆಟ್ಟದ ಚಿತ್ರದೊಳಗೆ ಹಿಮದ ಹೂ ಇರುವ ಗುರುತು ಇದ್ದರೆ ಅದು ಹಿಮದಲ್ಲಿ ಪರೀಕ್ಷೆ ಮಾಡಿದ ಟೈರು. ತಯಾರಾದ ವಾರ, ವರ್ಷವೂ ಅಲ್ಲೇ ನಾಲ್ಕು ಅಂಕಿಗಳಲ್ಲಿ ಇರುತ್ತದೆ. 3819 ಅಂದರೆ 2019ರ 38ನೇ ವಾರ. ಎರಡು ಟೈರಿಗೂ ಆಳ ಒಂದೇ, ಒಂದು ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ ಅಂದರೆ ಈ ಅಂಕಿ ನೋಡಿ. ಬಟನ್ ಮೇಲೆ ಉಗುರು ಒತ್ತಿ ನೋಡಿ. ಹಳೆಯ ರಬ್ಬರಿಗೆ ಉಗುರು ಇಳಿಯುವುದೇ ಇಲ್ಲ.

ಮೂರನೆಯದು ಜೋಡಿ. ಇದನ್ನು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಆ ವರ್ಷ ನನ್ನ ಗಾಡಿ ಬಲಗಡೆ ಮಾತ್ರ ಜಾರುತ್ತಿತ್ತು. ಲಾಕ್ ಸರಿ, ಗಾಳಿ ಸರಿ, ಆಳ ಸರಿ. ಒಂದು ಬೆಳಗ್ಗೆ ಮೆರಿಟ್ ಊರಿನ ಹೊರಗೆ ಹೊಸ ಹಿಮ ಬಿದ್ದಿತ್ತು, ಹಿಟ್ಟು ಜರಡಿ ಹಿಡಿದ ಹಾಗೆ, ಒಂದಿಂಚು. ಗಾಡಿ ಮುಂದೆ ಹಾಕಿ ಇಳಿದು ನೋಡಿದೆ. ಎಡಗಡೆ ಜೋಡಿ ಟೈರಿನ ಎರಡು ಅಚ್ಚೂ ಒಂದೇ ಸಮ, ಕಪ್ಪು ಟಾರು ಕಾಣುವಷ್ಟು ಆಳ. ಬಲಗಡೆ ಹೊರಗಿನ ಅಚ್ಚು ಆಳ. ಒಳಗಿನದು ಹಿಮದ ಮೇಲ್ಪದರವನ್ನು ಮುಟ್ಟಿಯೂ ಮುಟ್ಟದ ಹಾಗೆ, ಬಟನ್ನಿನ ತುದಿ ಮಾತ್ರ ಚುಕ್ಕಿ ಚುಕ್ಕಿ. ಒಂದು ಉದ್ದನೆಯ ನೇರ ಹಲಗೆ ತಂದು ಎರಡೂ ಟೈರಿಗೆ ಅಡ್ಡ ಹಿಡಿದೆ. ಒಳಗಿನ ಟೈರಿಗೂ ಹಲಗೆಗೂ ನಡುವೆ ಕಿರುಬೆರಳು ತೂರುವಷ್ಟು ಸಂದಿ. ಬೇಸಿಗೆಯಲ್ಲಿ ಪಂಚರ್ ಆದಾಗ ಒಂದು ವರ್ಕ್‌ಶಾಪಿನಲ್ಲಿ ಹೊಸ ಟೈರನ್ನು ಸವೆದ ಟೈರಿನ ಜೋಡಿಗೆ ಹಾಕಿಕೊಟ್ಟಿದ್ದರು. ಹೊಸದೊಂದೇ ಭಾರ ಹೊರುತ್ತಿತ್ತು, ಹಳೆಯದು ಜೊತೆಗೆ ತಿರುಗುತ್ತಿತ್ತು ಅಷ್ಟೇ. ಹಿಮವನ್ನು ಕಚ್ಚಬೇಕಾದ ಅಂಚುಗಳಲ್ಲಿ ಅರ್ಧ ಕೆಲಸಕ್ಕೇ ಬರುತ್ತಿರಲಿಲ್ಲ. ಜೋಡಿ ಟೈರಿನ ವ್ಯಾಸದಲ್ಲಿ 6 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಅಂದರೆ ಹಲಗೆಯ ಸಂದಿ 3 ಮಿಲಿಮೀಟರ್. ಕಿರುಬೆರಳು ತೂರಿದರೆ ಅದು ಮಿತಿ ಮೀರಿ ಬಹಳ ದೂರ ಹೋಗಿದೆ. ಸಮಾನ ಸವೆದ ಟೈರು ಹಾಕಿಸಿದ ಮೇಲೆ ಆ ಬಲಗಡೆಯ ಜಾರಾಟ ನಿಂತೇಹೋಯಿತು.

ಟೈರು ಒಳ್ಳೆಯದು, ಲಾಕ್ ಇದೆ, ಆದರೂ ಏರಿನಲ್ಲಿ ನಿಲ್ಲುತ್ತದೆ

ಆಗ ಲೆಕ್ಕ ಹಾಕಿ. ಐದು ಆಕ್ಸಲ್ ಗಾಡಿಗೆ ಪೂರ್ತಿ ಭಾರ 39,500 ಕೆಜಿ. ಮುಂದಿನ ಚಕ್ರಗಳ ಮೇಲೆ 5,500, ಎಳೆಯುವ ಆಕ್ಸಲ್‌ಗಳ ಮೇಲೆ 17,000, ಟ್ರೈಲರ್ ಆಕ್ಸಲ್‌ಗಳ ಮೇಲೆ 17,000. ಎಳೆಯುವ ಬಲ ಬರುವುದು ನಡುವಿನ ಆ 17,000ದಿಂದ ಮಾತ್ರ. ಐಸ್ ಮೇಲೆ ಟೈರಿನ ಹಿಡಿತ ಭಾರದ ಹತ್ತನೇ ಒಂದು ಪಾಲು ಅಂದುಕೊಳ್ಳಿ. ಆಗ ಸಿಗುವ ಎಳೆತ 1,700 ಕೆಜಿಯಷ್ಟು. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಇಡೀ ಗಾಡಿಯನ್ನು ಮೇಲಕ್ಕೆ ತಳ್ಳಲು 2,370 ಕೆಜಿಯಷ್ಟು ಬಲ ಬೇಕು. ಅಂದರೆ ಬರೀ ಐಸ್ ಮೇಲೆ ಆ ಏರು ಹತ್ತುವುದು ಆಗದ ಮಾತು. ಎಷ್ಟೇ ಅನುಭವ ಇದ್ದರೂ, ಟೈರು ಎಷ್ಟೇ ಹೊಸದಾದರೂ ಅಷ್ಟೇ. ಒತ್ತಿದ ಹಿಮದ ಮೇಲೆ ಹಿಡಿತ ಐದನೇ ಒಂದು ಪಾಲಾದರೆ 3,400 ಸಿಗುತ್ತದೆ, ಗಾಡಿ ಹತ್ತುತ್ತದೆ. ಇದು ದೋಷವಲ್ಲ, ಲೆಕ್ಕ. ಇದನ್ನು ತಿಳಿದವರು ಬುಡದಲ್ಲೇ ಚೈನ್ ಹಾಕುತ್ತಾರೆ. ತಿಳಿಯದವರು ನಡು ಏರಿನಲ್ಲಿ ನಿಂತು, ಹಿಂದಿನ ಐವತ್ತು ಗಾಡಿಗಳನ್ನೂ ನಿಲ್ಲಿಸುತ್ತಾರೆ.

ಹಾಗಿದ್ದರೂ ಭಾರ ಎಲ್ಲಿ ಕೂತಿದೆ ಅಂತ ನೋಡುವುದು ಒಳ್ಳೆಯದು. ಟ್ರೈಲರ್ ಆಕ್ಸಲ್‌ಗಳನ್ನು ಹಿಂದಕ್ಕೆ ಸರಿಸಿದರೆ ಎಳೆಯುವ ಆಕ್ಸಲ್ ಮೇಲೆ ಭಾರ ಹೆಚ್ಚುತ್ತದೆ. ಕಾನೂನಿನ ಮಿತಿ ಮೀರದ ಹಾಗೆ ನೋಡಿಕೊಳ್ಳಿ. ಒಂದು ಆಕ್ಸಲ್‌ನ ನಾಲ್ಕೂ ಅಚ್ಚು ತೆಳುವಾಗಿದ್ದರೆ ಏರ್ ಸಸ್ಪೆನ್ಷನ್ ನೋಡಿ. ಗಾಳಿ ಚೀಲ ಸೋರುತ್ತಿರಬಹುದು. ನಮ್ಮ ದೇಶದಲ್ಲಿ ಸೇಬು ತರಲು ಕಾಶ್ಮೀರಕ್ಕೆ ಲಾರಿ ಒಯ್ಯುವ ಚಾಲಕರಿಗೂ ಈ ಮಾತು ಸಲ್ಲುತ್ತದೆ. ಬೇಕಾದಾಗ ಎತ್ತಿ ಇಳಿಸುವ ಲಿಫ್ಟ್ ಆಕ್ಸಲ್ ಇಳಿಸಿಕೊಂಡಿದ್ದರೆ ಎಳೆಯುವ ಚಕ್ರದ ಭಾರವನ್ನು ಅದು ಹಂಚಿಕೊಳ್ಳುತ್ತದೆ, ಹಿಡಿತ ಕಮ್ಮಿ ಆಗುತ್ತದೆ.

ಓಡುವಾಗ ಸ್ಟೀರಿಂಗ್ ಹಗುರಾಯಿತು

ತಕ್ಷಣ ಕಾಲು ಮೆಲ್ಲಗೆ ತೆಗೆಯಿರಿ, ಬ್ರೇಕ್ ಮುಟ್ಟಬೇಡಿ. ಇದು ಗಾಡಿಯ ದೋಷ ಅಲ್ಲ, ಬ್ಲ್ಯಾಕ್ ಐಸ್. ಕಣ್ಣಿಗೆ ಒದ್ದೆ ಟಾರು ಕಂಡ ಹಾಗೆ ಕಾಣುತ್ತದೆ. ಗುರುತಿಸುವ ದಾರಿ ಒಂದಿದೆ. ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮುತ್ತಿದೆಯಾ ನೋಡಿ. ರಸ್ತೆ ಒದ್ದೆ ಕಂಡೂ ಚಿಮ್ಮುವುದು ನಿಂತಿದ್ದರೆ ಅದು ನೀರಲ್ಲ. ಕನ್ನಡಿ ಕಂಬಿಯ ಮುಂಭಾಗದಲ್ಲಿ ಐಸ್ ಕಟ್ಟುತ್ತಿದ್ದರೆ ರಸ್ತೆಯ ಮೇಲೂ ಕಟ್ಟುತ್ತಿದೆ. ಗಾಡಿಯ ಓಟ ಹೆಚ್ಚದೆ ಎಂಜಿನ್ ಸುತ್ತು ಒಮ್ಮೆಲೇ ಏರಿದರೆ ಎಳೆಯುವ ಚಕ್ರ ಜಾರಿದೆ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಕೆಳಗಿನಿಂದಲೂ ಗಾಳಿ ಬಡಿಯುತ್ತದಲ್ವಾ.

ಹೊಸಬರಿಗೆ ನಂಬಲಾಗದ ಮಾತೊಂದಿದೆ. ಮೈನಸ್ 20ಕ್ಕಿಂತ ಸೊನ್ನೆ ಡಿಗ್ರಿಯ ಐಸ್ ಹೆಚ್ಚು ಅಪಾಯ. ಸೊನ್ನೆಯ ಹತ್ತಿರ ಐಸ್ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ. ಕೊರೆಯುವ ಚಳಿಯಲ್ಲಿ ಐಸ್ ಒಣಗಿ ಬಿರುಸಾಗಿ ಟೈರಿಗೆ ಸ್ವಲ್ಪವಾದರೂ ಕಚ್ಚಲು ಕೊಡುತ್ತದೆ. ಹೊರಡುವ ಮೊದಲು ಡ್ರೈವ್‌ಬಿಸಿ ತಾಣದಲ್ಲಿ ರಸ್ತೆಯ ಕ್ಯಾಮರಾ ಚಿತ್ರ ನೋಡುವಾಗ ತಾಪಮಾನವನ್ನೂ ನೋಡಿ. 1,244 ಮೀಟರ್ ಎತ್ತರದ ಕೋಕಿಹಾಲಾ ನೆತ್ತಿಯಲ್ಲಿ ಸೊನ್ನೆ ಅಂತ ಬರೆದಿದ್ದರೆ ನಾನು ಹೆಚ್ಚು ಹೆದರುತ್ತೇನೆ.

ಬ್ರೇಕ್ ಹಿಡಿದರೆ ಗಾಡಿ ಅಡ್ಡ ತಿರುಗುತ್ತದೆ

ಎಂಜಿನ್ ಬ್ರೇಕ್ ಹಾಕಿದ್ದೀರಾ? ಮೊದಲ ಅನುಮಾನ ಅದೇ ಇರಲಿ. ಎಂಜಿನ್ ಬ್ರೇಕ್ ಹಿಡಿಯುವುದು ಎಳೆಯುವ ಚಕ್ರಗಳನ್ನು ಮಾತ್ರ. ಐಸ್ ಮೇಲೆ ಅವು ಕಚ್ಚಿಕೊಂಡರೆ, ಅಂದರೆ ತಿರುಗದೆ ನಿಂತುಬಿಟ್ಟರೆ, ಹಿಂದಿನಿಂದ ಟ್ರೈಲರ್ ತಳ್ಳಿ ಗಾಡಿ ಚಾಕು ಮಡಚಿದ ಹಾಗೆ ಮಡಚುತ್ತದೆ. ಖಾಲಿ ಗಾಡಿಗೆ ಈ ಅಪಾಯ ಜಾಸ್ತಿ. ಬ್ರೇಕಿನ ಶಕ್ತಿ ತುಂಬಿದ ಗಾಡಿಗೆ ಹೊಂದುವಷ್ಟೇ ಇರುತ್ತದೆ, ಚಕ್ರದ ಮೇಲಿನ ಭಾರ ಮಾತ್ರ ಅರ್ಧಕ್ಕಿಂತ ಕಮ್ಮಿ. ಜಾರುವ ರಸ್ತೆಯಲ್ಲಿ ಎಂಜಿನ್ ಬ್ರೇಕ್ ಆಫ್, ಕ್ರೂಸ್ ಕಂಟ್ರೋಲ್ ಆಫ್. ತಾನೇ ಗೇರ್ ಬದಲಿಸುವ ಗಾಡಿಯಾದರೆ ಮ್ಯಾನುಯಲ್‌ಗೆ ಹಾಕಿ. ಇಳಿಜಾರಿನ ನಡುವೆ ಅದು ತಾನಾಗಿ ಗೇರ್ ಇಳಿಸಿದರೂ ಚಕ್ರ ಜಾರಬಹುದು. ಮೆರಿಟ್ ಕಡೆಯಿಂದ ಬರುವಾಗ ನೆತ್ತಿಯ ಹತ್ತಿರ ಜಾಪ್ಕಿಯೋಸ್ ಬ್ರೇಕ್ ತಪಾಸಣೆ ಜಾಗ ಸಿಗುತ್ತದೆ. ಇಳಿಜಾರಿನ ಗೇರ್ ಅಲ್ಲೇ ತೀರ್ಮಾನ ಮಾಡಿ. ಸಣ್ಣ ಗೇರಿನಲ್ಲೂ ಇಳಿಯಲಾರೆ ಅನ್ನಿಸಿದರೆ ಅಲ್ಲೇ ಚೈನ್ ಹಾಕಿ.

ಎಳೆಯುವ ಚಕ್ರ ಕಚ್ಚಿಕೊಂಡು ಗಾಡಿ ಮಡಚತೊಡಗಿದರೆ ಬ್ರೇಕ್ ಬಿಟ್ಟು ಕ್ಲಚ್ ಒತ್ತಿ, ಚಕ್ರ ಉರುಳಲು ಬಿಡಿ. ಟ್ರೈಲರ್ ಮಾತ್ರ ಪಕ್ಕಕ್ಕೆ ಬರುತ್ತಿದ್ದರೂ ಬ್ರೇಕ್ ಬಿಡಿ. ಟ್ರೈಲರಿನ ಕೈ ಬ್ರೇಕ್ ಎಳೆದು ನೇರ ಮಾಡುತ್ತೇನೆ ಅಂತ ಹೋಗಬೇಡಿ. ಅದರ ಚಕ್ರ ಇನ್ನಷ್ಟು ಕಚ್ಚಿ ಪೂರ್ತಿ ಸುತ್ತಿಬರುತ್ತದೆ.

ದೂರದ ಅಂದಾಜಿಗೆ ಒಂದು ಅಂಕಿ ನೆನಪಿಡಿ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ನಿಲ್ಲಲು ಒಳ್ಳೆಯ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ 16 ಮೀಟರ್ ಆಸುಪಾಸು ಸಾಕು. ಐಸ್ ಮೇಲೆ ಸುಮಾರು 100 ಮೀಟರ್ ಬೇಕು.

ಚೈನ್ ಹಾಕಿದ ಮೇಲೂ ಜಾರುತ್ತದೆ

ಹೆಚ್ಚಾಗಿ ಚೈನ್ ಸಡಿಲ ಇರುತ್ತದೆ. ಟೈರು ಒಳಗೆ ತಿರುಗುತ್ತದೆ, ಚೈನ್ ನಿಂತಲ್ಲೇ ನಿಲ್ಲುತ್ತದೆ. ಅಡ್ಡ ಸರಪಳಿಯ ಕೊಂಡಿಯ ತುದಿಗಳು ಟೈರಿನ ಕಡೆಗಲ್ಲ, ಹೊರಗೆ ಮುಖ ಮಾಡಿರಬೇಕು. ಬಿಗಿ ಮಾಡುವ ಕ್ಯಾಮ್‌ಗಳು ಹೊರಬದಿಯಲ್ಲಿ ಕೈಗೆ ಸಿಗುವ ಹಾಗಿರಬೇಕು. ಕ್ಯಾಮ್ ತಿರುಗಿಸಿ ರಬ್ಬರ್ ಪಟ್ಟಿ ಎಳೆದು ಕಟ್ಟಿ. ಆಮೇಲೆ ಕೆಲವು ನೂರು ಮೀಟರ್ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಚಳಿಗೆ ಸೋತು ಬಿಡುವವರೇ ಜಾಸ್ತಿ. ಬೆರಳು ಮರಗಟ್ಟಿರುತ್ತದೆ, ಗೊತ್ತು. ಆದರೆ ಸಡಿಲ ಚೈನ್ ಕಿತ್ತುಬಂದರೆ ಮಡ್‌ಗಾರ್ಡ್ ಜೊತೆಗೆ ಬ್ರೇಕಿನ ಗಾಳಿ ಪೈಪನ್ನೂ ಹೊಡೆದುಹಾಕುತ್ತದೆ. ಚೈನ್ ಇರುವಾಗ 50 ಮೀರಬೇಡಿ, ಚಕ್ರ ಸುತ್ತಿಸಬೇಡಿ.

ಎಳೆಯುವ ಚಕ್ರಕ್ಕೆ ಚೈನ್ ಇದೆ, ಗಾಡಿ ಹತ್ತುತ್ತಿದೆ, ಆದರೆ ತಿರುವಿನಲ್ಲಿ ಟ್ರೈಲರ್ ಬಾಲ ಪಕ್ಕಕ್ಕೆ ಹೋಗುತ್ತಿದೆ ಅಂದರೆ ಟ್ರೈಲರಿನ ಹಿಂದಿನ ಆಕ್ಸಲ್‌ಗೂ ಒಂದೊಂದು ಚೈನ್ ಹಾಕಿ. ಅದು ಎಳೆಯಲು ಅಲ್ಲ, ಬಾಲ ಹಿಡಿದಿಡಲು.

ಆ ರಾತ್ರಿ ಲಾಕ್ ಕೂತ ಮೇಲೂ ಹುಡುಗನಿಗೆ ನಾನು ಹೊರಡು ಅನ್ನಲಿಲ್ಲ. ಭಾರ ಎಷ್ಟು ಅಂತ ಕೇಳಿದೆ, ಪೂರ್ತಿ ಅಂದ. ತಾಪಮಾನ ಕೇಳಿದೆ, ಮೈನಸ್ 2 ಅಂದ. ನೆತ್ತಿಯಲ್ಲಿ ಇನ್ನೂ ಹಿಮ ಬೀಳುತ್ತಿತ್ತು. ಮುಂದಿನ ಒಂದು ಗಂಟೆ ಅವನು ಚೈನ್ ಹಾಕಿದ, ನಾನು ಫೋನಿನಲ್ಲೇ ಇದ್ದೆ. ಅರ್ಧ ಕಿಲೋಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿದ. ಮೂರು ಗಂಟೆಗೆ ಮೆರಿಟ್‌ನಿಂದ ಒಂದು ಫೋಟೋ ಬಂತು. ಹಿಮದ ಮೇಲೆ ಎಂಟು ಟೈರಿನ ಅಚ್ಚು, ಎಂಟೂ ಒಂದೇ ಆಳ.